ಬೆಂಕಿಯ ಪಾಲು

ಬ್ಯಾಟರಿ ಪ್ರಯೋಗಾಲಯದ ಕುಲುಮೆಯ ಮುಂದೆ ಎರಡು ಪಿಂಗಾಣಿ ಬಟ್ಟಲುಗಳಿದ್ದವು. ಒಂದರಲ್ಲಿ ಬ್ಯಾಟರಿಗೆ ತುಂಬಲೆಂದು ಆಗಷ್ಟೇ ಬೆರೆಸಿದ ಹೊಸ ಪುಡಿ, ಇನ್ನೊಂದರಲ್ಲಿ ಎಲೆಕ್ಟ್ರಿಕ್ ಆಟೋದ ಸತ್ತ ಬ್ಯಾಟರಿಯಿಂದ ಕೆರೆದು ತೆಗೆದ ಹಳೆ ಪುಡಿ.

"ಅಜ್ಜಾ, ನಿಮ್ಮ ಮೈಯೆಲ್ಲ ಬಿರುಕು. ಒಳಗಿನ ಲಿಥಿಯಂ ಕೂಡ ಸೋರಿದೆ. ಇಲ್ಲಿಗೇಕೆ ಬಂದಿರಿ?" ಎಂದಿತು ಹೊಸ ಪುಡಿ.

ಹಳೆಯದು ತಲೆಯೆತ್ತಿ ಹೇಳಿತು: "ಆಟೋ ಚಾರ್ಜಿಗೆ ನಿಂತಾಗಲೆಲ್ಲ ನನ್ನ ಲಿಥಿಯಂ ಆಚೆ ಹೋಗುತ್ತಿತ್ತು, ಓಡುವಾಗ ಮನೆಗೆ ಮರಳುತ್ತಿತ್ತು. ಪ್ರತಿ ಸಲವೂ ಒಂದಿಷ್ಟು ಮರಳುತ್ತಿರಲಿಲ್ಲ. ಗೋಡೆ ಬಿರಿದರೂ ಮನೆ ಬಿದ್ದಿಲ್ಲ, ಅದಕ್ಕೇ ರಿಪೇರಿಗೆ ಬಂದಿದ್ದೇನೆ."

ಅಷ್ಟರಲ್ಲಿ ಸಂಶೋಧಕಿ ತಬಸ್ಸುಮ್ ಬಂದಳು. "ಬೆಂಕಿ ತನ್ನ ಪಾಲು ತೆಗೆದುಕೊಳ್ಳದೆ ಬಿಡುವುದಿಲ್ಲ," ಎನ್ನುತ್ತ ಎರಡೂ ಬಟ್ಟಲಿಗೆ ಒಂದಿಷ್ಟು ಲಿಥಿಯಂ ಉಪ್ಪನ್ನು ಹೆಚ್ಚಿಗೆಯೇ ಹಾಕಿದಳು. ಹಳೆಯದು ಅದನ್ನು ಮೈಗೆ ಬೆರೆಸಿಕೊಂಡಿತು. ಹೊಸದು, "ನನ್ನ ಅಳತೆ ಸರಿಯಾಗಿಯೇ ಇದೆ. ಭಿಕ್ಷೆ ಬೇಡ!" ಎಂದು ಮೈ ಕೊಡವಿ ಆ ಉಪ್ಪನ್ನು ಬಟ್ಟಲಿನಾಚೆ ಚೆಲ್ಲಿತು.

ಕುಲುಮೆಯ ಬಾಗಿಲು ಮುಚ್ಚಿತು. ಕಾವೇರಿದಂತೆ ಬೆಂಕಿ ಎರಡರಿಂದಲೂ ಒಂದಿಷ್ಟು ಲಿಥಿಯಂ ಕಸಿದುಕೊಂಡಿತು. ಬಟ್ಟಲುಗಳು ಹೊರಬಂದಾಗ ಹಳೆಯದರ ಬಿರುಕು ಕೂಡಿತ್ತು, ಖಾಲಿ ಜಾಗಗಳೆಲ್ಲ ತುಂಬಿದ್ದವು. ಹೊಸದನ್ನು ಪರೀಕ್ಷಿಸಿದ ತಬಸ್ಸುಮ್, "ಇದಕ್ಕೆ ಲಿಥಿಯಂ ಸಾಲದು, ರಿಪೇರಿ ಮಾಡಬೇಕು," ಎಂದು ಪಕ್ಕಕ್ಕೆ ಸರಿಸಿದಳು.

ಹೊಸದು ಮೆಲ್ಲಗೆ ಕೇಳಿತು: "ಅಜ್ಜಾ, ನಾನೂ ನಿಮ್ಮಂತೆಯೇ ಆದೆನೇ?"

"ಇಲ್ಲ ಮಗು," ಎಂದಿತು ಹಳೆಯದು. "ನಾನು ಊರೆಲ್ಲ ಓಡಿ, ಸವೆದು ರಿಪೇರಿಗೆ ಬಂದವನು. ನೀನು ಹೊಸಿಲು ದಾಟದೆಯೇ ಬಂದೆ."