ಲೂರ್ದಮ್ಮನನ್ನು ಹೊತ್ತು ತಂದ ಇನ್ನಾಸಿ

ಅರುಳಪಾಳ್ಯದಲ್ಲಿ ಜ್ಞಾನಮ್ಮ ಅಂತ ಒಬ್ಬಳಿದ್ದಳು. ಗಂಡ ತೀರಿಹೋಗಿದ್ದ. ಇದ್ದದ್ದು ಒಬ್ಬನೇ ಮಗ, ಇನ್ನಾಸಪ್ಪ. ಊರ ಬಾಯಲ್ಲಿ ಇನ್ನಾಸಿ. ವಯಸ್ಸು ಇಪ್ಪತ್ತೈದು, ಮೈಯಲ್ಲಿ ಎರಡೆತ್ತಿನ ಬಲ, ಬುದ್ಧಿ ಮಾತ್ರ ಇನ್ನೂ ತೊಟ್ಟಿಲಲ್ಲೇ ಮಲಗಿತ್ತು. ಹೇಳಿದ್ದನ್ನು ಹೇಳಿದ ಹಾಗೇ ಮಾಡುವನು. ಒಂದು ಕೂದಲು ಹೆಚ್ಚಿಲ್ಲ, ಒಂದು ಕೂದಲು ಕಮ್ಮಿಯಿಲ್ಲ.

"ದೇವರೇ, ಕೈಕಾಲು ಕೊಡುವಾಗ ಅಷ್ಟು ಧಾರಾಳ ಮಾಡಿದೆ, ತಲೆ ಹತ್ರ ಬಂದಾಗ ಯಾಕಪ್ಪಾ ಕೈ ಬಿಗಿ ಹಿಡಿದೆ?" ಅಂತ ಜ್ಞಾನಮ್ಮ ದಿನಾ ಶಿಲುಬೆಯ ಮುಂದೆ ಅಳುವಳು.

ಅವಳಿಗೆ ಇನ್ನೊಂದು ಸಂಕಟವೂ ಇತ್ತು. ಮೇಲಿನ ಬೀದಿಯ ಲೂರ್ದಮ್ಮ ಅವಳ ಎಳೆತನದ ಗೆಳತಿ, ಒಂದೇ ತಟ್ಟೆಯಲ್ಲಿ ಉಂಡವಳು. ಗಂಡ ಸತ್ತಾಗ ತಿಂಗಳುಗಟ್ಟಲೆ ಗಂಜಿ ತಂದು ಕುಡಿಸಿದವಳು. ಆರು ವರ್ಷದ ಹಿಂದೆ ಒಂದು ಮದುವೆಯಲ್ಲಿ ಬಡಿಸುತ್ತಾ ಬಂದ ಲೂರ್ದಮ್ಮ, ಗಡಿಬಿಡಿಯಲ್ಲಿ ಜ್ಞಾನಮ್ಮನ ಎಲೆ ದಾಟಿ ಮುಂದೆ ಹೋದಳು. ಅಷ್ಟೇ! ಅವತ್ತಿನಿಂದ ಇವಳೂ ಮಾತಾಡಲಿಲ್ಲ, ಅವಳೂ ಮಾತಾಡಲಿಲ್ಲ.

ಒಂದು ಭಾನುವಾರ ಚರ್ಚಿನಲ್ಲಿ ಫಾದರ್ ಪ್ರಸಂಗ ಮಾಡಿದರು. "ಊರಿಗೆ ನೀವು ಉಪ್ಪಿದ್ದ ಹಾಗೆ ಕಣ್ರಪ್ಪಾ. ನೀವು ಸೇರಿದ ಕಡೆ ರುಚಿ ಹುಟ್ಟಬೇಕು!"

ಸೋಮವಾರ ಜ್ಞಾನಮ್ಮ ಹೊಲಕ್ಕೆ ಹೋದಳು. ಇನ್ನಾಸಿ ಉಪ್ಪಿನ ಮಡಕೆ ಕಂಕುಳಲ್ಲಿಟ್ಟುಕೊಂಡು ಹೊರಟ. ಯಾರ ಮನೆ ಬಾಗಿಲು ತೆರೆದಿತ್ತೋ ಆ ಮನೆಗೆ ನುಗ್ಗಿದ. ಸಾರು ಕಂಡರೆ ಒಂದು ಹಿಡಿ, ಹುಳಿ ಕಂಡರೆ ಒಂದು ಹಿಡಿ. ಲೂರ್ದಮ್ಮನ ಮನೆಯಲ್ಲಿ ಮೊಮ್ಮಗುವಿನ ಜ್ಞಾನಸ್ನಾನಕ್ಕೆ ಅಂತ ಪಾಯಸ ಕುದೀತಿತ್ತು. ಅವ್ವನ ಹಳೇ ಗೆಳತಿ ಮನೆ ಅಂತ ಅಲ್ಲಿ ಎರಡು ಹಿಡಿ!

ಸಂಜೆ ಲೂರ್ದಮ್ಮನ ಸೊಸೆ ಪಾಯಸದ ಪಾತ್ರೆ ತಂದು ಅಂಗಳದಲ್ಲಿ ಕುಕ್ಕಿದಳು. "ಹಗೆ ತೀರಿಸ್ಕೊಳ್ಳೋಕೆ ಮಗನ್ನ ಕಳಿಸಿದ್ದೀಯಲ್ಲ, ನಮ್ಮತ್ತೆ ಕೇಳ್ಬಿಟ್ಟು ಬಾ ಅಂದ್ರು!"

ಜ್ಞಾನಮ್ಮ ತಲೆ ಚಚ್ಚಿಕೊಂಡಳು. "ಅಯ್ಯೋ ಪೆದ್ದೇ! ಉಪ್ಪಿನ ಹಾಗಿರೋದು ಅಂದ್ರೆ ಜನದ ಕಷ್ಟಕ್ಕಾಗೋದು ಕಣೋ! ಯಾರಾದ್ರೂ ಹೊರೆ ಹೊತ್ಕೊಂಡು ಬಂದ್ರೆ, ಅವರ ಹೊರೆ ನೀನು ಹೊರಬೇಕು!"

"ಅಷ್ಟೇನಾ ಅವ್ವಾ? ಆಗಲಿ!"

ಮಂಗಳವಾರ ಅದೇ ಊರಿನ ಚೌರಪ್ಪ ಮಿಲ್ಲಿನಿಂದ ರಾಗಿಹಿಟ್ಟಿನ ಮೂಟೆ ಹೊತ್ತು ಬರುತ್ತಿದ್ದ. ಇನ್ನಾಸಿ ಹಿಂದಿನಿಂದ ಬಂದವನೇ ಮೂಟೆ ಕಿತ್ತುಕೊಂಡು ತಲೆ ಮೇಲಿಟ್ಟುಕೊಂಡ, ಸರಸರ ತನ್ನ ಮನೆಗೆ ನಡೆದ!

"ಲೋ! ನನ್ನ ಹಿಟ್ಟು! ಹಿಡೀರೋ ಅವನ್ನ!" ಚೌರಪ್ಪ ಓಡಿದ. ಅವನ ಹಿಂದೆ ಅರ್ಧ ಊರು ಓಡಿತು.

"ಹೊರೆ ಹೊರು ಅಂದೆ, ಹೊತ್ತೆ ಕಣವ್ವ!"

"ಹೊರೆ ಯಾರದೋ ಅವರ ಮನೆಗೆ ಮುಟ್ಟಿಸಬೇಕು ಕಣೋ ಮಂಕೇ! ಹೋಗಿ ಬಾಗಿಲು ತಟ್ಟು. ತೆಗೆಯೋ ತನಕ ತಟ್ಟು. ಒಳಗೆ ತಲುಪಿಸಿ ಬಾ!"

"ಆಗಲಿ ಅವ್ವಾ!"

ಬುಧವಾರ ಫಾದರ್ ಮನೆಗೆ ಒಂದು ಚೆಂಬು ಮಜ್ಜಿಗೆ ಕೊಟ್ಟು ಬಾ ಅಂತ ಕಳಿಸಿದಳು. ಫಾದರ್ ಪಕ್ಕದೂರಿಗೆ ಹೋಗಿದ್ದರು, ಬಾಗಿಲಿಗೆ ಬೀಗ. ಇನ್ನಾಸಿ ತಟ್ಟಿದ. ಬೆರಳಲ್ಲಿ ತಟ್ಟಿದ, ಮುಷ್ಟಿಯಲ್ಲಿ ತಟ್ಟಿದ, ಭುಜದಲ್ಲಿ ತಟ್ಟಿದ. ಮಧ್ಯಾಹ್ನದ ಹೊತ್ತಿಗೆ ಬಾಗಿಲು ಚೌಕಟ್ಟಿನ ಸಮೇತ ಒಳಗೆ ಬಿತ್ತು!

ಫಾದರ್ ವಾಪಸು ಬಂದಾಗ ಇನ್ನಾಸಿ ಬಿದ್ದ ಬಾಗಿಲ ಮೇಲೆ ಚೆಂಬು ಹಿಡಿದು ಕೂತಿದ್ದ. "ಸ್ವಲ್ಪ ತಡವಾಯ್ತು, ಆದ್ರೆ ತೆಗೀತು ಫಾದ್ರೇ!"

ಓಡಿ ಬಂದ ಜ್ಞಾನಮ್ಮ ಫಾದರ್ ಕಾಲಿಗೆ ಬಿದ್ದಳು. "ತಪ್ಪಾಯ್ತು ಬುದ್ಧಿ! ಇವನ ತಲೆಗೆ ಏನು ಹೇಳಿದ್ರೂ ಹತ್ತಲ್ಲ!"

ಫಾದರ್ ಮಜ್ಜಿಗೆ ಕುಡಿದು ಮೀಸೆ ಒರೆಸಿಕೊಂಡರು. "ಇವನು ಕೇಳಿದ್ದನ್ನಾದ್ರೂ ಮಾಡ್ತಾನೆ, ಜ್ಞಾನಮ್ಮ. ನೆರೆಯವರನ್ನ ಪ್ರೀತಿಸಿ ಅಂತ ನಾನು ವರ್ಷಾನುಗಟ್ಟಲೆ ಹೇಳಿದ್ದನ್ನ ನೀನು ಕೇಳಿದೆಯಾ? ನಾಳೆ ಸಂತ ಸೆಬಾಸ್ತಿಯನ್ನರ ಹಬ್ಬ. ಲೂರ್ದಮ್ಮನ್ನ ಊಟಕ್ಕೆ ಕರಿ."

ಜ್ಞಾನಮ್ಮ ಮನೆ ತಲುಪೋ ತನಕ ಸೆರಗಲ್ಲಿ ಕಣ್ಣೊರೆಸಿಕೊಂಡೇ ನಡೆದಳು.

ಗುರುವಾರ ಹಬ್ಬ. ಚರ್ಚಿನ ಅಂಗಳದಲ್ಲಿ ಕೊಪ್ಪರಿಗೆಗಳಲ್ಲಿ ಬಾಡು ಬೇಯುತ್ತಿತ್ತು. ಮುದ್ದೆ ಕಟ್ಟುತ್ತಿದ್ದ ಜ್ಞಾನಮ್ಮ ಮೂರು ಸಲ ಮೇಲಿನ ಬೀದಿ ಕಡೆ ಹೊರಟಳು, ಮೂರು ಸಲವೂ ನಾಚಿಕೊಂಡು ಹಿಂದೆ ಬಂದಳು. ಕೊನೆಗೆ ಮಗನನ್ನು ಕರೆದಳು.

"ಇನ್ನಾಸಿ, ಲೂರ್ದಮ್ಮನ್ನ ಇಲ್ಲಿಗೆ ಕರ್ಕೊಂಡು ಬಾ. ಅವಳು ಏನಂದ್ರೂ ನೀನು ಬಾಯಿ ಬಿಡಬೇಡ. ಅವಳನ್ನ ಬಿಟ್ಟು ಮಾತ್ರ ಬರಬೇಡ!"

"ಆಗಲಿ ಅವ್ವಾ!"

ಲೂರ್ದಮ್ಮನಿಗೆ ಮಂಡಿನೋವು. ಜಗಲಿಯಲ್ಲಿ ಹಗ್ಗದ ಮಂಚದ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು.

"ಏನ್ಲಾ? ನಿಮ್ಮವ್ವ ಕಳಿಸಿದ್ಲಾ?"

ಇನ್ನಾಸಿ ತುಟಿ ಬಿಗಿದು ತಲೆ ಆಡಿಸಿದ.

"ಯಾಕ್ಲಾ?"

ಮಾತಿಲ್ಲ.

"ಕರೆಯೋಕೆ ಬಂದಿದ್ದೀಯಾ? ನಾನು ಬರಲ್ಲ ಹೋಗು!"

ಮಾತಿಲ್ಲ. ಅವಳ ಸುತ್ತ ಒಂದು ಸುತ್ತು ಬಂದ. ಬಗ್ಗಿದ. ಮಂಚವನ್ನು ಲೂರ್ದಮ್ಮನ ಸಮೇತ ಎತ್ತಿ ತಲೆ ಮೇಲಿಟ್ಟುಕೊಂಡ!

"ಅಯ್ಯೋ ಮಾತೆ ಮರಿಯಮ್ಮಾ! ಇಳಿಸ್ಲಾ ಮುಂಡೇದೇ!"

ಬೀದಿಯುದ್ದಕ್ಕೂ ಅವರೆಕಾಯಿ ಮಳೆ. ಮಕ್ಕಳು ಹಿಂದೆ ಬಿದ್ದವು, ಹೆಂಗಸರು ಬಾಗಿಲಿಗೆ ಬಂದರು, ಸೊಸೆ ಕೂಗಿಕೊಂಡು ಓಡಿಬಂದಳು. ಚರ್ಚಿನ ಗೇಟಲ್ಲಿ ನಿಂತಿದ್ದ ಬ್ಯಾಂಡಿನವರು ಇದೇ ಮೆರವಣಿಗೆ ಅಂದುಕೊಂಡು ಜೋರಾಗಿ ಊದಿಯೇಬಿಟ್ಟರು!

ಇನ್ನಾಸಿ ಮಂಚವನ್ನು ಅವ್ವನ ಮುಂದೆ ಮೆಲ್ಲಗೆ ಇಳಿಸಿದ. ಬ್ಯಾಂಡು ನಿಂತಿತು. ಊರೇ ಉಸಿರು ಹಿಡಿದು ನೋಡಿತು.

ಲೂರ್ದಮ್ಮ ಜಾರಿದ ಸೆರಗು ಎಳೆದುಕೊಂಡಳು. "ಆರು ವರ್ಷ ಆದ್ಮೇಲೆ ಹಿಂಗೇನೇ ಕರೆಯೋದು, ಜ್ಞಾನಿ?"

ಆ ಹೆಸರಲ್ಲಿ ಕರೆಯುವವಳು ಅವಳೊಬ್ಬಳೇ. ಜ್ಞಾನಮ್ಮ ಮುದ್ದೆ ಬಿಟ್ಟು ಮುಂದೆ ಬಂದಳು. "ನಾನೇ ಬರಬೇಕಾಗಿತ್ತು ಕಣೇ. ಕಾಲು ಬರಲಿಲ್ಲ."

"ನನ್ನ ಕಾಲೂ ಬರಲಿಲ್ಲ. ನಿನ್ನ ಮಗನ ಕಾಲು ಬಂತು ನೋಡು!"

ಲೂರ್ದಮ್ಮ ನಕ್ಕಳು. ನಗುತ್ತಾ ಅತ್ತಳು. ಜ್ಞಾನಮ್ಮ ಹಿಟ್ಟಿನ ಕೈಯಲ್ಲೇ ಅವಳನ್ನು ತಬ್ಬಿಕೊಂಡಳು. ಇಬ್ಬರ ಮುಖವೂ ರಾಗಿ ಮುದ್ದೆಯಾಯಿತು. ಬ್ಯಾಂಡು ಮತ್ತೆ ಶುರುವಾಯಿತು!

"ನನ್ನ ಇಪ್ಪತ್ತು ವರ್ಷದ ಪ್ರಸಂಗ ಮಾಡದ್ದನ್ನ ಈ ಒಂದು ಮಂಚ ಮಾಡ್ತು!" ಅಂತ ಫಾದರ್ ಚಪ್ಪಾಳೆ ತಟ್ಟಿದರು. "ಇನ್ನಾಸಿ, ಊರಲ್ಲಿ ಯಾರ್ಯಾರು ಮುನಿಸಿಕೊಂಡಿದ್ದಾರೋ ಎಲ್ಲರನ್ನೂ ಕರ್ಕೊಂಡು ಬಾ. ಒಬ್ಬರನ್ನೂ ಬಿಡಬೇಡ!"

"ಆಗಲಿ ಫಾದ್ರೇ!"

ಹೊಲದ ಬದುವಿಗಾಗಿ ಜಗಳವಾಡಿದ್ದ ಅಣ್ಣತಮ್ಮಂದಿರು ಇನ್ನಾಸಿ ಮಂಚ ಹೊತ್ತು ಬರುವುದನ್ನು ದೂರದಿಂದಲೇ ಕಂಡರು. "ಹೊರಬೇಡ ಕಣಪ್ಪಾ, ನಾವೇ ಬರ್ತೀವಿ!" ಅಂತ ಓಡೋಡಿ ಬಂದು ಒಂದೇ ಪಂಕ್ತಿಯಲ್ಲಿ ಕೂತರು. ಮಾತುಬಿಟ್ಟ ಅತ್ತೆ ಸೊಸೆ ಬಂದರು. ಮುಖ ತಿರುಗಿಸಿದ್ದ ಬೀಗರು ಬಂದರು. ಅಂಥ ಹಬ್ಬದೂಟ ಆ ಊರು ಕಂಡೇ ಇರಲಿಲ್ಲ!

ಪಂಕ್ತಿಯಲ್ಲಿ ಚೌರಪ್ಪ ಮುದ್ದೆ ನುಂಗುತ್ತಾ ಪಕ್ಕದವನಿಗೆ ಹೇಳಿದ, "ಎಲ್ಲಾ ಸರಿಹೋಯ್ತು, ನಮ್ಮೆಮ್ಮೆ ಒಂದು ಬಿಟ್ಟು. ಮೂರು ದಿನದಿಂದ ಮುನಿಸಿಕೊಂಡಿದೆ, ಹತ್ರಾನೇ ಸೇರಿಸ್ತಿಲ್ಲ."

ಇನ್ನಾಸಿ ಬಡಿಸುತ್ತಿದ್ದ ಸೌಟು ಕೆಳಗಿಟ್ಟ.

ಸ್ವಲ್ಪ ಹೊತ್ತಿಗೆ ಗೇಟಲ್ಲಿ ಗಾಡಿಯ ಸದ್ದಾಯಿತು. ಗಾಡಿಯ ಮೇಲೆ ಎಮ್ಮೆ, ನೊಗದಲ್ಲಿ ಇನ್ನಾಸಿ! ಬ್ಯಾಂಡಿನವರು ಎಂಜಲು ಕೈಯಲ್ಲೇ ಎದ್ದು ಊದಿದರು.

ಇನ್ನಾಸಿ ಬೆವರು ಒರೆಸಿಕೊಂಡು ಎದೆಯುಬ್ಬಿಸಿ ನಿಂತ.

"ಕೊನೆಯವಳೂ ಬಂದಳು ಫಾದ್ರೇ! ಯಾವ ಪಂಕ್ತೀಲಿ ಕೂರಿಸ್ಲಿ?"