ಹೊಂಬಿ ಹೇಳಿದ ಅಮ್ಮನ ಕಥೆ

ಮತ್ತಿಮರಗಳೂ ಬಿದಿರೂ ಬೆಳೆದಿದ್ದ ಒಂದು ಕಾಡಿನಲ್ಲಿ ಮುದಿ ಮುಸುವ ಕೋತಿಯೊಂದು ಶಾಲೆ ನಡೆಸುತ್ತಿತ್ತು. ಮರಿಗಳು ಅದನ್ನು ಮುಸುವಜ್ಜಿ ಎಂದು ಕರೆಯುತ್ತಿದ್ದವು. ಹಾಲು ಬಿಟ್ಟು ಇನ್ನೂ ದೊಡ್ಡವಾಗದ ಮರಿಗಳು ಅಲ್ಲಿ ಕಥೆ ಹೇಳಲು ಕಲಿಯುತ್ತಿದ್ದವು. ಅಜ್ಜಿ ಹೆಚ್ಚು ಮಾತಾಡುತ್ತಿರಲಿಲ್ಲ, ಪ್ರಶ್ನೆ ಕೇಳುತ್ತಿತ್ತು. ಒಮ್ಮೆ ಹಂದಿಮರಿ ತನಗೆ ಬಹಳ ಹಸಿವಾಗಿತ್ತು ಎಂದು ಕಥೆ ಶುರುಮಾಡಿತು. ಹಸಿವಾದಾಗ ಏನು ಮಾಡಿದೆ ಎಂದು ಅಜ್ಜಿ ಕೇಳಿತು. ಹಂದಿಮರಿ ನಾಚಿಕೊಂಡು, ಹಣ್ಣು ಒಡೆದು ಬಿದ್ದಿದ್ದ ಕಲ್ಲನ್ನು ನೆಕ್ಕಿದೆ ಎಂದಿತು. ಎಲ್ಲ ಮರಿಗಳೂ ನಕ್ಕವು.

"ಈಗ ನಿನ್ನ ಹಸಿವು ನಮಗೂ ಕಾಣಿಸಿತು" ಎಂದಿತು ಅಜ್ಜಿ.

ಆ ಕಾಡಿನಲ್ಲಿ ಕಥೆ ಬರೀ ಆಟವಾಗಿರಲಿಲ್ಲ. ಹೊಂಡದ ದಡದಲ್ಲಿ ಪ್ರತಿ ಕುಟುಂಬಕ್ಕೂ ನೀರು ಕುಡಿಯುವ ಜಾಗವೊಂದಿತ್ತು. ಹಿರಿಯರು ತೀರಿಕೊಂಡರೆ ಮಕ್ಕಳು ಸಭೆಯಲ್ಲಿ ಅವರ ಕಥೆ ಹೇಳಬೇಕು. ಸತ್ತವರು ಕೇಳುಗರ ಕಣ್ಣಮುಂದೆ ಬಂದು ನಿಂತಂತಾದರೆ ಜಾಗ ಮಕ್ಕಳಿಗೇ ಉಳಿಯುತ್ತಿತ್ತು. ಇಲ್ಲದಿದ್ದರೆ ಬೇರೆಯವರು ಆ ಜಾಗವನ್ನು ಕೇಳಬಹುದಿತ್ತು. ಆದರೆ ಅವರೂ ತಮ್ಮ ಹಿರಿಯರೊಬ್ಬರ ಕಥೆ ಹೇಳಬೇಕಿತ್ತು. ಹೇಳಲಾಗದವರು ಕೊನೆಯಲ್ಲಿ ನಿಂತು ಕೆಸರಿನ ಕಡೆ ಕುಡಿಯಬೇಕಿತ್ತು.

ಆ ವರ್ಷ, ಅಜ್ಜಿಯ ಶಾಲೆಯಲ್ಲಿ ಕಲಿಯುತ್ತಿದ್ದ ಹೊಂಬಿ ಎಂಬ ಜಿಂಕೆಮರಿಯ ತಾಯಿ ಕಾಯಿಲೆಯಿಂದ ತೀರಿಕೊಂಡಿತು. ಅವರ ಜಾಗ ಗಟ್ಟಿ ಮರಳಿನದು. ಹೊಂಬಿಗೆ ಒಬ್ಬ ಪುಟ್ಟ ತಮ್ಮನಿದ್ದ. ಅವನ ಕಾಲು ಕಡ್ಡಿಯಂತೆ ಸಣ್ಣ. ಕೆಸರಿಗೆ ಇಳಿದರೆ ಮೇಲೆ ಬರುವುದು ಕಷ್ಟ.

ಮರಳಿನ ಆ ಜಾಗದ ಮೇಲೆ ನರಿಗೆ ಕಣ್ಣಿತ್ತು. ಸಭೆಯ ಹಿಂದಿನ ದಿನ ಅದು ಹೊಂಬಿಯ ಬಳಿಗೆ ಬಂದು ಬಹಳ ಮರುಕ ತೋರಿಸಿತು. ಏನು ಹೇಳುತ್ತೀಯ ಎಂದು ಕೇಳಿತು. ಅಮ್ಮ ಹುಲ್ಲು ಮೇಯುತ್ತಿದ್ದ ರೀತಿ, ನೀರು ಕುಡಿಯುತ್ತಿದ್ದ ರೀತಿ ಹೇಳುತ್ತೇನೆ ಎಂದಿತು ಹೊಂಬಿ.

"ಅಯ್ಯೋ ಮಗಳೇ, ಹುಲ್ಲು ಮೇಯೋದನ್ನ ಯಾರು ಕೇಳ್ತಾರೆ? ಎಲ್ಲರೂ ಮೇಯ್ತಾರೆ. ಮಾವ ಹೇಳಿಕೊಡ್ತೀನಿ, ಬಾ" ಎಂದಿತು ನರಿ. ಗುಡುಗು, ಸಿಡಿಲು, ಹುಲಿಯ ಜೊತೆ ಘೋರ ಕಾಳಗ, ಎಲ್ಲವನ್ನೂ ಸೇರಿಸಿ ಒಂದು ಕಥೆ ಕಟ್ಟಿ ಬಾಯಿಪಾಠ ಮಾಡಿಸಿತು.

ಮರುದಿನ ಹೊಂಬಿ ಹೆದರಿಕೆಯಿಂದ ಕಣ್ಣು ಮುಚ್ಚಿಕೊಂಡು ಅದನ್ನೇ ಒಪ್ಪಿಸಿತು. ಅಮ್ಮ ತನ್ನ ಚೂಪಾದ ಕೊಂಬುಗಳಿಂದ ಹುಲಿಯನ್ನು ತಿವಿದಳು ಎನ್ನುವಷ್ಟರಲ್ಲಿ ಕಾಡುಹಂದಿ ಮೆಲ್ಲಗೆ ಗೊಣಗಿತು.

"ಹೆಣ್ಣುಜಿಂಕೆಗೆ ಕೊಂಬು ಯಾವಾಗ ಬಂತಪ್ಪ?"

ಸಭೆಯಲ್ಲಿ ನಗು ಹರಡಿತು. ಹೊಂಬಿ ಕಥೆಯನ್ನು ಅರ್ಧಕ್ಕೇ ನಿಲ್ಲಿಸಿತು. ಕಥೆ ಸೋತಿತು, ಜಾಗ ನನಗೆ ಕೊಡಿ ಎಂದು ನರಿ ಮುಂದೆ ಬಂತು. ಆಗ ಮುಸುವಜ್ಜಿ ಎದ್ದು ನಿಂತಿತು. ನರಿಯ ಕಡೆ ನೋಡಲೇ ಇಲ್ಲ.

"ಹೊಂಬಿ, ಅಮ್ಮ ಹೊಂಡಕ್ಕೆ ಬಂದ ಕೂಡಲೇ ಏನು ಮಾಡ್ತಿದ್ದಳು?"

ಹೊಂಬಿ ಕಣ್ಣು ತೆರೆಯಿತು. "ಎಡಗಾಲನ್ನು ನೀರಿಗೆ ಇಟ್ಟು ನಿಲ್ತಿದ್ದಳು ಅಜ್ಜಿ. ಕದಡಿದ ನೀರು ತಿಳಿಯಾಗೋವರೆಗೆ ಕಾಯ್ತಿದ್ದಳು. ಆಮೇಲೆ ನಮ್ಮನ್ನ ಕರೀತಿದ್ದಳು. ಕರೆಯೋಕೆ ಮುಂಚೆ ಒಮ್ಮೆ ಕೆಮ್ಮುತ್ತಿದ್ದಳು. ನಾವು ಕುಡಿದಾದ ಮೇಲೆ ತಾನು ಕುಡೀತಿದ್ದಳು. ಕಾಯಿಲೆ ಬಂದ ಮೇಲೂ ಹಾಗೇ. ಕಾಲು ನಡುಗ್ತಿತ್ತು, ನೀರು ತಿಳಿಯಾಗ್ತಾನೇ ಇರಲಿಲ್ಲ. ಆದರೂ ಕಾಯ್ತಿದ್ದಳು."

ಯಾರೂ ನಗಲಿಲ್ಲ. ಹಲವರು ತಮಗೇ ತಿಳಿಯದೆ ಮರಳಿನ ದಡದ ಕಡೆ ತಿರುಗಿ ನೋಡಿದರು.

ನರಿ ಸುಮ್ಮನಾಗಲಿಲ್ಲ. ಇದೂ ಒಂದು ಕಥೆಯೇ ಎಂದು ಹೀಯಾಳಿಸಿ, ತನ್ನ ಅಪ್ಪನ ಕಥೆ ಹೇಳತೊಡಗಿತು. ಅಪ್ಪ ಬೆಟ್ಟ ಹಾರಿದ್ದ, ಆನೆಗಳನ್ನು ಓಡಿಸಿದ್ದ. ಹಿರಿಯ ಆನೆ ಸಮಾಧಾನವಾಗಿ ಎಲ್ಲ ಕೇಳಿ, ಅಪ್ಪ ನಿನ್ನನ್ನು ಏನೆಂದು ಕರೆಯುತ್ತಿದ್ದ ಎಂದಷ್ಟೇ ಕೇಳಿತು. ಕದ್ದ ಮಾಂಸದ ಹಿಂದೆ ಅಲೆಯುತ್ತಾ ನರಿ ಅಪ್ಪನ ಬಳಿ ಒಂದು ದಿನವೂ ಕೂತಿರಲಿಲ್ಲ. ಕೊನೆಗೆ ಬಾಲ ಇಳಿಸಿಕೊಂಡು ಕೆಸರಿನ ಕಡೆಗೆ ನಡೆಯಿತು.

ಜಾಗ ಹೊಂಬಿಗೇ ಉಳಿಯಿತು. ಆದರೆ ಸಭೆ ಚದುರಲಿಲ್ಲ. ಗೊರವಂಕ ಹಾರಿ ಬಂದು, ತಾನು ಬೆನ್ನ ಮೇಲೆ ಕೂತು ಉಣ್ಣಿ ಹುಳು ಹೆಕ್ಕುವಾಗ ನಿಮ್ಮಮ್ಮ ಬಾಲ ಆಡಿಸುತ್ತಿರಲಿಲ್ಲ ಎಂದಿತು. ಕಾಳ್ಗಿಚ್ಚಿನ ದಿನ ಹೊಗೆಯಲ್ಲಿ ತನಗಾಗಿ ನಿಂತಿದ್ದಳು ಎಂದಿತು ಮೊಲ. ಕಣ್ಣು ಮಂಜಾದ ಮೇಲೆ ಆ ಕೆಮ್ಮು ಕೇಳಿಯೇ ನಾನು ನೀರಿನ ದಾರಿ ಹಿಡಿಯುತ್ತಿದ್ದೆ ಎಂದಿತು ಆನೆ. ಇದಾವುದೂ ಹೊಂಬಿಗೆ ಗೊತ್ತಿರಲಿಲ್ಲ.

ಎಲ್ಲರೂ ಹೋದ ಮೇಲೆ ಹೊಂಬಿ ಮುಸುವಜ್ಜಿಯ ಬಳಿ ಬಂತು.

"ಅಜ್ಜಿ, ನೀವು ಕೇಳದೇ ಇದ್ದಿದ್ದರೆ ಅಮ್ಮ ಇವತ್ತು ಇನ್ನೊಮ್ಮೆ ಹೋಗಿಬಿಡ್ತಿದ್ದಳು."

ಅಜ್ಜಿ ಮರಿಯ ತಲೆಯ ಮೇಲೆ ಕೈಯಿಟ್ಟು ಕೂತಿತು. ಎದುರಿಗೆ, ಗಟ್ಟಿ ಮರಳಿನ ಮೇಲೆ ನಿಂತು, ಪುಟ್ಟ ತಮ್ಮ ಹೊಟ್ಟೆ ತುಂಬಾ ನೀರು ಕುಡಿಯುತ್ತಿದ್ದ.

ನೀತಿ: ಎರವಲು ತಂದ ದೊಡ್ಡ ಮಾತು ಕೇಳುಗರನ್ನು ಮುಟ್ಟುವುದಿಲ್ಲ, ಪ್ರೀತಿಯಿಂದ ಕಂಡ ಸಣ್ಣ ಸಂಗತಿ ಕಥೆಗೆ ಜೀವ ಕೊಡುತ್ತದೆ. ಹಾಗೆ ಕಾಣಲು ಕಲಿಸಿದವರನ್ನು ಮರೆಯಬಾರದು.