ಒರಳಿನ ಮನೆ ಸೇರಿದ ನೈಸ್

ಇಂಗ್ಲಿಷಿನ ‘ನೈಸ್’ ಎಂಬ ಪದಕ್ಕೆ ಊರೆಲ್ಲ ಮರ್ಯಾದೆ. ಊಟ, ಸೀರೆ, ಹೊಸ ಅಳಿಯ, ಯಾವುದನ್ನು ಹೊಗಳಬೇಕಾದರೂ ಅದೇ ಬೇಕು. ಒಂದು ದಿನ ಮುದಿ ನಿಘಂಟು ಕೆಮ್ಮಿ, ಎಲ್ಲ ಪದಗಳೆದುರು ಅದರ ಜಾತಕ ಬಯಲು ಮಾಡಿತು: “ಇವನ ಮೂಲ ಲ್ಯಾಟಿನ್ನು. ಅಲ್ಲಿ ಇವನ ಅರ್ಥ ‘ಏನೂ ತಿಳಿಯದವನು’. ಆಮೇಲೂ ಬಹಳ ಕಾಲ ‘ದಡ್ಡ’ ಅಂತಲೇ ಬದುಕಿದ.”

ನೈಸ್ ನಾಚಿಕೆಯಿಂದ ಓಡಿಹೋಗಿ ಚೆನ್ನಾಜಮ್ಮನ ಅಡುಗೆಮನೆಯ ಒರಳಿನ ಹಿಂದೆ ಅಡಗಿತು.

“ಯಾಕಪ್ಪಾ, ಹೀಗೆ ನಡುಗ್ತಿದ್ದೀಯ?” ಎಂದಿತು ಒರಳು.

“ನನ್ನ ಹುಟ್ಟು ಬಯಲಾಯಿತಜ್ಜಿ. ಇನ್ನು ನಾನು ಯಾರಿಗೆ ಬೇಕು?”

“ಅಷ್ಟೇನಾ? ನಾನು ಹುಟ್ಟಿದ್ದು ಕಲ್ಲು ಕ್ವಾರಿಯಲ್ಲಿ. ಮೊದಲ ದಿನ ಮುಟ್ಟಿದವರ ಕೈಯೆಲ್ಲ ತರಚಿದ್ದೆ. ಈಗ ಅದನ್ನ ಯಾರು ಕೇಳ್ತಾರೆ?”

ಅಷ್ಟರಲ್ಲಿ ಚೆನ್ನಾಜಮ್ಮ ನೆನೆದ ಉದ್ದಿನಬೇಳೆಯನ್ನು ಒರಳಿಗೆ ಸುರಿದು ಸೊಸೆಗೆ ಹೇಳಿದಳು: “ನೈಸಾಗಿ ರುಬ್ಬಮ್ಮ, ಒಂದು ತರಿಯೂ ಇರಬಾರದು!” ಇಂಗ್ಲಿಷಿನ ಒಂದಕ್ಷರ ಬಾರದ ಆಕೆ ಆ ಪದವನ್ನು ತನ್ನ ತವರಿನದೆಂದೇ ನಂಬಿದ್ದಳು.

ಬದುಕಿದೆಯಾ ಬಡಜೀವವೇ ಎಂದುಕೊಂಡಿತು ನೈಸ್. “ಸ್ವಲ್ಪ ಜಾಗ ಕೊಡಜ್ಜಿ, ಕೆಲಸಕ್ಕೆ ಕರೀತಿದ್ದಾರೆ” ಎಂದು ಒರಳಿಗಿಳಿಯಿತು.

ಮಧ್ಯಾಹ್ನ ವಡೆ ತಿಂದವರು ಇನ್ನೊಂದು ವಡೆ ಕೇಳಿದರೇ ಹೊರತು, ಯಾರ ಜಾತಕವನ್ನೂ ಕೇಳಲಿಲ್ಲ.